ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿ 17 ಗಂಟೆ

ಸುರಪುರ ತಾಲೂಕಿನ ದೇವಾಪುರದ ಕಡೆಯವರಿಗೆ ದೂರದ ಪ್ರಯಾಣ ಅಂದ್ರೆ ಮೊದಲು ನೆನಪಾಗೋದು ಬೆಂಗಳೂರಿನ ರಾತ್ರಿ ಬಸ್ಸು. ಊಟ ಮುಗಿಸಿ ಹತ್ತಿದರೆ ಬೆಳಕು ಹರಿದ ಮೇಲೆ ಮೆಜೆಸ್ಟಿಕ್. ಇಳಿಯುವಾಗ ಪಾದ ಊದಿರುತ್ತೆ, ಕುತ್ತಿಗೆ ಹಿಡಿದಿರುತ್ತೆ. ಈಗ ಆ ಕೂರುವಿಕೆಯನ್ನ 17 ಗಂಟೆಗೆ ಎಳೀರಿ. ನಡುವೆ ಚಹಾಕ್ಕೆ ನಿಲ್ಲಿಸೋ ಢಾಬಾ ತೆಗೆದುಹಾಕಿ. ಕಿಟಕಿ ತೆಗೆಯೋ ಹಾಗಿಲ್ಲ ಅನ್ನಿ. ಹೊರಗೆ ಮೈನಸ್ 54 ಡಿಗ್ರಿ ಚಳಿ ಇಡಿ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ ಅಂದ್ರೆ ಹೆಚ್ಚು ಕಡಿಮೆ ಇದೇ.

2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಉತ್ತರ ಧ್ರುವದ ಮೇಲಿಂದ ಹಾದು, ಜನವರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ದಕ್ಷಿಣ ಭಾರತ ಮತ್ತು ಅಮೆರಿಕದ ನಡುವಿನ ಮೊದಲ ನೇರ ವಿಮಾನ ಅದು. ಕ್ಯಾಪ್ಟನ್ ಝೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರೇ. ದೂರ ಸುಮಾರು 14 ಸಾವಿರ ಕಿ.ಮೀ., ಹೊತ್ತು ಸುಮಾರು 17 ಗಂಟೆ.

ಇಂಥ ದೂರದ ವಿಮಾನದಲ್ಲಿ ಕೂರೋರು ಬರೀ ಐಟಿ ಮಂದಿ ಅಲ್ಲ. ಮಗಳ ಬಾಣಂತನಕ್ಕೆ ಹೊರಟ ಅವ್ವ ಇರ್ತಾಳೆ, ಮೊಮ್ಮಗನ್ನ ನೋಡಾಕ ಹೊರಟ ಅಪ್ಪ ಇರ್ತಾರೆ. ಅದಕ್ಕೂ ಮೊದಲು ಒಮ್ಮೆಯೂ ವಿಮಾನ ಹತ್ತಿರದವರು ಅವರು. ಹಾಗಾಗಿ ಆರಾಮ ಅನ್ನೋದು ಇಲ್ಲಿ ಶೋಕಿಯ ಮಾತಲ್ಲ, ಆರೋಗ್ಯದ ಮಾತು, ಸುರಕ್ಷತೆಯ ಮಾತು. ಮತ್ತೆ ಅದು ಪೂರಾ ಎಂಜಿನಿಯರಿಂಗ್ ವಿಷಯ. ಒಂದೊಂದಾಗಿ ಬಿಚ್ಚಿ ನೋಡೋಣ.

ಕ್ಯಾಬಿನ್ ಒಂದು ಬೆಟ್ಟ

ವಿಮಾನ 35 ಸಾವಿರ ಅಡಿಯಲ್ಲಿ ಹಾರುವಾಗ ಹೊರಗಿನ ಒತ್ತಡ ಸುಮಾರು 24 ಕಿಲೋಪ್ಯಾಸ್ಕಲ್. ಅಲ್ಲಿ ಉಸಿರಾಡಿ ಬದುಕೋದು ಆಗದ ಮಾತು. ಅದಕ್ಕೇ ಒಳಗೆ ಗಾಳಿ ತುಂಬಿ ಒತ್ತಡ ಏರಿಸ್ತಾರೆ. ಆದರೆ ನೆಲದ ಮಟ್ಟಕ್ಕೆ ಏರಿಸೋದಿಲ್ಲ. ಕ್ಯಾಬಿನ್ ಒತ್ತಡ 8,000 ಅಡಿ, ಅಂದ್ರೆ 2,438 ಮೀಟರ್ ಎತ್ತರದ ಬೆಟ್ಟಕ್ಕೆ ಸಮನಾಗಿರಬಹುದು ಅನ್ನೋದು ನಿಯಮದ ಮಿತಿ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಅಂದ್ರೆ ಹಳೆಯ ವಿನ್ಯಾಸದ ವಿಮಾನದಲ್ಲಿ ಕೂತವರು ಮುಳ್ಳಯ್ಯನಗಿರಿಯ ತುದಿಗಿಂತ 500 ಮೀಟರ್ ಮೇಲೆ ಕೂತ ಲೆಕ್ಕ, ಅದೂ ಇಡೀ ರಾತ್ರಿ.

ಯಾಕೆ ಹೀಗೆ? ಥಿನ್ ಸಿಲಿಂಡರ್ ಸೂತ್ರ ನೆನಪು ಮಾಡಿಕೊಳ್ಳಿ: ಹೂಪ್ ಸ್ಟ್ರೆಸ್ ಒಳ–ಹೊರ ಒತ್ತಡದ ವ್ಯತ್ಯಾಸಕ್ಕೆ ನೇರ ಅನುಪಾತ. 8,000 ಅಡಿಯ ಮಟ್ಟಕ್ಕೆ ಒಳಗೆ 75 ಕಿಲೋಪ್ಯಾಸ್ಕಲ್ ಸಾಕು, ವ್ಯತ್ಯಾಸ 51. ಅದೇ ದೇವಾಪುರದ ನೆಲದ ಮಟ್ಟ ಬೇಕು ಅಂದ್ರೆ ಸುಮಾರು 96 ಬೇಕು, ವ್ಯತ್ಯಾಸ 72ಕ್ಕೆ ಏರುತ್ತೆ. ಅಂದ್ರೆ ಪ್ರತಿ ಹಾರಾಟದಲ್ಲೂ ಬಾಡಿಯ ಮೇಲೆ ಶೇ. 40ರಷ್ಟು ಹೆಚ್ಚು ಸ್ಟ್ರೆಸ್. ಪ್ರತಿ ಸಲ ಉಬ್ಬಿ ಇಳಿದು ಉಬ್ಬಿ ಇಳಿದು ಲೋಹ ದಣಿಯುತ್ತೆ. 1954ರಲ್ಲಿ ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದದ್ದು ಈ ಫೆಟೀಗ್‌ನಿಂದಲೇ. ಬೋಯಿಂಗ್ 787 ಮತ್ತು ಏರ್‌ಬಸ್ ಎ350 ವಿಮಾನಗಳ ಬಾಡಿ ಬಹುಪಾಲು ಕಾರ್ಬನ್ ಫೈಬರ್ ಕಾಂಪೋಸಿಟ್. ಅದು ಈ ದಣಿವನ್ನ ಚೆನ್ನಾಗಿ ತಡೆಯುತ್ತೆ. ಹಾಗಾಗಿ ಅಲ್ಲಿ ಕ್ಯಾಬಿನ್ 6,000 ಅಡಿಗೆ ಇಳಿಯಿತು, ಹೆಚ್ಚು ಕಡಿಮೆ ಮುಳ್ಳಯ್ಯನಗಿರಿಯ ಮಟ್ಟ. ಮಟೀರಿಯಲ್ ಸೈನ್ಸ್ ಪ್ರಯಾಣಿಕರ ತಲೆನೋವು ಕಡಿಮೆ ಮಾಡೋದು ಅಂದ್ರೆ ಇದು.

ಬಾಯ್ಲ್ ನಿಯಮ ಹೊಟ್ಟೆಗೂ ಅನ್ವಯಿಸುತ್ತೆ. ಬೆಂಗಳೂರಿನ ನಿಲ್ದಾಣದಲ್ಲಿ ಒತ್ತಡ ಸುಮಾರು 91, ಮೇಲೆ 75. ಅಂದ್ರೆ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಗಾಳಿ ಶೇ. 20ರಷ್ಟು ಹಿಗ್ಗುತ್ತೆ. ಚಿಪ್ಸ್ ಪಾಕೀಟು ಉಬ್ಬೋದು ಇದಕ್ಕೇ. ವಿಮಾನ ಹತ್ತೋ ಮುಂಚೆ ಮಿರ್ಚಿ ಭಜಿ ಹೊಡೀಬ್ಯಾಡ್ರಿ ಅಂತ ಹಿರಿಯರಿಗೆ ಹೇಳೋಕೆ ಇಷ್ಟು ಭೌತಶಾಸ್ತ್ರ ಸಾಕು.

ಒಣ ಗಾಳಿ, ಸಪ್ಪೆ ಸಾರು

ಹೊರಗಿನ ತಣ್ಣನೆ ಗಾಳಿಯಲ್ಲಿ ನೀರಿನ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಅದನ್ನೇ ಬಿಸಿ ಮಾಡಿ ಒಳಗೆ ಬಿಡೋದರಿಂದ ಕ್ಯಾಬಿನ್ ತೇವಾಂಶ ಸಾಮಾನ್ಯವಾಗಿ ಶೇ. 10ರಿಂದ 20. ನಮ್ಮ ಯಾದಗಿರಿ ಜಿಲ್ಲೆಯ ಏಪ್ರಿಲ್ ಮಧ್ಯಾಹ್ನ ಮೂಗು ಒಣಗಿ ತುಟಿ ಬಿರಿಯುತ್ತಲ್ಲ, ಹಾಗೆ. ಬೆವರು ಕಾಣೋದಿಲ್ಲ, ಆದ್ರೆ ಗಂಟಲು ಆರುತ್ತೆ. ಹಾಗಂತ ಗಾಳಿ ಕೊಳಕು ಅನ್ನೋದು ತಪ್ಪು. ಕ್ಯಾಬಿನ್ ಗಾಳಿ ಗಂಟೆಗೆ 20ರಿಂದ 30 ಸಲ ಬದಲಾಗುತ್ತೆ. ಮರುಬಳಕೆಯಾಗೋ ಭಾಗ, 0.3 ಮೈಕ್ರಾನ್ ಕಣಗಳಲ್ಲಿ ಶೇ. 99.97ರಷ್ಟನ್ನ ಹಿಡಿಯೋ ಹೆಪಾ ಫಿಲ್ಟರ್ ದಾಟಿ ಬರುತ್ತೆ.

ಮೂಗು ಒಣಗಿದರೆ ವಾಸನೆ ಹೋಗುತ್ತೆ, ವಾಸನೆ ಹೋದರೆ ರುಚಿಯ ಅರ್ಧ ಹೋದ ಹಾಗೆ. ಅದರ ಮೇಲೆ ಎಂಜಿನ್ ಸದ್ದು. ಜೋರು ಸದ್ದಿನಲ್ಲಿ ಉಪ್ಪು, ಸಿಹಿ ಎರಡೂ ನಾಲಿಗೆಗೆ ಕಡಿಮೆ ಅನಿಸುತ್ತವೆ ಅಂತ ಪ್ರಯೋಗಗಳು ತೋರಿಸಿವೆ. ಟೊಮೆಟೊ, ಅಣಬೆಯಂಥ ಉಮಾಮಿ ರುಚಿ ಮಾತ್ರ ಅಷ್ಟು ಕುಗ್ಗೋದಿಲ್ಲ. ಆಕಾಶದಲ್ಲಿ ಜನ ಟೊಮೆಟೊ ಜ್ಯೂಸ್ ಕೇಳೋದು ಇದೇ ಕಾರಣಕ್ಕೆ ಇರಬೇಕು. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗೋ ನಮ್ಮ ಮಂದಿಯನ್ನ ನೋಡಿ ನಗೋ ಮುಂಚೆ ಸ್ವಲ್ಪ ಯೋಚಿಸಿ: ಖಾರ, ಬೆಳ್ಳುಳ್ಳಿ ಇರೋ ಆ ಹಿಂಡಿ, ಮಂದವಾದ ನಾಲಿಗೆಗೂ ತಾಗುತ್ತೆ.

ಸದ್ದಿಗೆ ಸದ್ದೇ ಮದ್ದು

1978ರಲ್ಲಿ ಅಮರ್ ಬೋಸ್ ಯುರೋಪಿನಿಂದ ಅಮೆರಿಕಕ್ಕೆ ಹಾರುತ್ತಿದ್ದಾಗ ವಿಮಾನದವರು ಕೊಟ್ಟ ಹೆಡ್‌ಫೋನ್ ಹಾಕಿಕೊಂಡರು. ಎಂಜಿನ್ ಸದ್ದಿನಲ್ಲಿ ಸಂಗೀತ ಕೇಳಲೇ ಇಲ್ಲ. ಸೀಟಿನಲ್ಲೇ ಕೂತು ಲೆಕ್ಕ ಹಾಕತೊಡಗಿದರು. 1989ರಲ್ಲಿ ಅವರ ಕಂಪನಿ ಪೈಲಟ್‌ಗಳಿಗೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಸೆಟ್ ಮಾರಾಟಕ್ಕೆ ತಂತು.

ತತ್ವ ಸರಳ: ಮೈಕ್ ಹೊರಗಿನ ಸದ್ದನ್ನ ಹಿಡಿಯುತ್ತೆ, ಸರ್ಕ್ಯೂಟ್ ಅದನ್ನ 180 ಡಿಗ್ರಿ ತಿರುಗಿಸಿ ಸ್ಪೀಕರ್‌ಗೆ ಕೊಡುತ್ತೆ, ಉಬ್ಬಿಗೆ ತಗ್ಗು ಸೇರಿ ಸೊನ್ನೆ. ಆದರೆ ಪಕ್ಕದ ಸೀಟಿನ ಕೂಸಿನ ಅಳು ಯಾಕೆ ಪೂರ್ತಿ ನಿಲ್ಲೋದಿಲ್ಲ? ತರಂಗದ ಉದ್ದ ನೋಡಿ. 200 ಹರ್ಟ್ಸ್ ಗುಂಯ್‌ಗುಡುವಿಕೆಯ ತರಂಗ 1.7 ಮೀಟರ್ ಉದ್ದ, 4,000 ಹರ್ಟ್ಸ್‌ನದು 8.5 ಸೆಂ.ಮೀ. ಮಾತ್ರ. ಸರ್ಕ್ಯೂಟ್ ಒಂದಿಷ್ಟು ತಡ ಮಾಡಿದರೆ ಮೊದಲನೆಯದರಲ್ಲಿ ಫೇಸ್ ಅಷ್ಟೇನೂ ತಪ್ಪೋದಿಲ್ಲ, ಎರಡನೆಯದರಲ್ಲಿ ಪೂರ್ತಿ ತಪ್ಪುತ್ತೆ. ಹಾಗಾಗಿ ತಾರಕದ ಸದ್ದಿಗೆ ಹೆಡ್‌ಫೋನಿನ ದಪ್ಪ ಮೆತ್ತೆಯೇ ಗತಿ.

ಕಾಲು ಚಾಚೋ ಪ್ರಶ್ನೆ

ಎಕಾನಮಿಯಲ್ಲಿ ಒಂದು ಸೀಟಿನಿಂದ ಮುಂದಿನ ಸೀಟಿಗೆ ಸಾಮಾನ್ಯವಾಗಿ 31–32 ಇಂಚು. ಅಗಲದ ಕಥೆಯೂ ಹಾಗೇ. 777ರ ಕ್ಯಾಬಿನ್‌ನಲ್ಲಿ ಮೊದಲು ಸಾಲಿಗೆ 9 ಸೀಟು ಹಾಕುತ್ತಿದ್ದರು, ಈಗ ಬಹಳಷ್ಟು ಕಂಪನಿಗಳು ಅದೇ ಅಗಲದಲ್ಲಿ 10 ಹಾಕ್ತವೆ. ಸೀಟು ತೆಳ್ಳಗಾದರೂ ಪರೀಕ್ಷೆ ತೆಳ್ಳಗಾಗಿಲ್ಲ: 16 ಜಿ ಹೊಡೆತದಲ್ಲಿ ಸೀಟು ಕೀಳಬಾರದು, ಮುಂದಿನ ಪರದೆಗೆ ತಲೆ ಬಡಿದರೂ ಪೆಟ್ಟಿನ ಸೂಚ್ಯಂಕ 1,000 ಮೀರಬಾರದು.

ನಿಜವಾದ ಅಪಾಯ ಅಲುಗಾಡದೆ ಕೂರೋದು. ಮೀನಖಂಡದ ಸ್ನಾಯು ನಡೆದಾಗಲೆಲ್ಲ ರಕ್ತವನ್ನ ಮೇಲಕ್ಕೆ ಒತ್ತೋ ಪಂಪ್. ಅದು ನಿಂತರೆ ರಕ್ತ ಕಾಲಲ್ಲೇ ನಿಲ್ಲುತ್ತೆ, ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 4 ಗಂಟೆ ಮೀರಿದ ಪ್ರಯಾಣದ ನಂತರ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತೆ. ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಬ್ಬರು, ಅಂದ್ರೆ ಹೆದರಿ ಪ್ರಯಾಣ ಬಿಡುವಷ್ಟೇನಲ್ಲ. ಆದರೆ ಅದೇ ಅಧ್ಯಯನ ಹೇಳಿದ ಇನ್ನೊಂದು ಮಾತು ನಮಗೆ ಮುಖ್ಯ: ಇದು ವಿಮಾನಕ್ಕೆ ಮಾತ್ರ ಸೀಮಿತ ಅಲ್ಲ, ಕಾರು, ಬಸ್ಸು, ರೈಲಿನಲ್ಲಿ ಕೂತರೂ ಅಷ್ಟೇ. ಊರಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು, ಅದೇ ದಿನ ವಿಮಾನ ಹತ್ತೋ ಹಿರಿಯರಿಗೆ ಎರಡೂ ಕೂರುವಿಕೆ ಕೂಡಿ ಬರ್ತವೆ. ನಡುವೆ ಒಂದು ದಿನ ಬೆಂಗಳೂರಿನ ನೆಂಟರ ಮನೆಯಲ್ಲಿ ತಂಗಿದರೆ ಒಳ್ಳೇದು.

ಸೀಟಿನ ಬೆನ್ನಿಗೊಂದು ಸಿನಿಮಾ

1921ರಲ್ಲಿ ಶಿಕಾಗೊದ ಮೇಲೆ ಹಾರುತ್ತಿದ್ದ ಏರೋಮರೀನ್ ವಿಮಾನದಲ್ಲಿ ಪ್ರಚಾರದ ಚಿತ್ರ ತೋರಿಸಿದ್ದೇ ವಿಮಾನದ ಮೊದಲ ಸಿನಿಮಾ. 1961ರಲ್ಲಿ ಟಿಡಬ್ಲ್ಯುಎ ಕಂಪನಿ ನಿಯಮಿತವಾಗಿ ಸಿನಿಮಾ ಶುರು ಮಾಡಿತು. ಆಗಿನ ಹೆಡ್‌ಫೋನ್ ಒಳಗೆ ತಂತಿಯೇ ಇರಲಿಲ್ಲ, ಡಾಕ್ಟರ ಸ್ಟೆತಸ್ಕೋಪಿನಂತೆ ಟೊಳ್ಳು ಕೊಳವೆಯಲ್ಲಿ ಸದ್ದು ಬರುತ್ತಿತ್ತು. 1988ರಲ್ಲಿ ನಾರ್ತ್‌ವೆಸ್ಟ್ ಕಂಪನಿಯ 747ರಲ್ಲಿ ಸೀಟಿನ ಬೆನ್ನಿಗೆ ಅಂಗೈಗಿಂತ ಚಿಕ್ಕ ಎಲ್‌ಸಿಡಿ ಪರದೆ ಬಂತು.

ಇವತ್ತು ಅದೊಂದು ಹಾರೋ ಲ್ಯಾನ್. ಸರ್ವರ್‌ನಲ್ಲಿ ಸಿನಿಮಾ ತುಂಬಿರುತ್ತೆ, ಅಲ್ಲಿಂದ ಈಥರ್ನೆಟ್ ಮೂಲಕ ಸೀಟಿನ ಕೆಳಗಿನ ಪೆಟ್ಟಿಗೆಗೆ, ಅಲ್ಲಿಂದ ಪರದೆಗೆ. ಎಲ್ಲಾ ಇಂಟರ್ನೆಟ್‌ನಿಂದಲೇ ತರಬಾರದಾ ಅಂತ ಕೇಳಬಹುದು. ಭೂಸ್ಥಿರ ಉಪಗ್ರಹಗಳು ಭೂಮಧ್ಯ ರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಇರ್ತವೆ. ಸುಮಾರು 81 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ ಅವು ದಿಗಂತದ ಕೆಳಗೆ ಇಳಿದುಬಿಡ್ತವೆ. ಧ್ರುವದ ಮೇಲೆ ಹಾರೋ ವಿಮಾನಕ್ಕೆ ಅವುಗಳ ನೆಟ್‌ವರ್ಕ್ ಇಲ್ಲ. ಬುತ್ತಿ ಕಟ್ಟಿಕೊಂಡೇ ಹೋಗಬೇಕು.

ಬುತ್ತಿಗೂ ತೂಕ ಇದೆ. ಸೀಟಿಗೆ ಒಂದು ಕೆ.ಜಿ. ಹೆಚ್ಚಾದರೆ 300 ಸೀಟಿಗೆ 300 ಕೆ.ಜಿ. ಹೆಚ್ಚುವರಿ ತೂಕದ ಸುಮಾರು ಶೇ. 3ರಷ್ಟು ಇಂಧನ ಪ್ರತಿ ಗಂಟೆಗೆ ಸುಡುತ್ತೆ ಅನ್ನೋದು ಸ್ಥೂಲ ಲೆಕ್ಕ. 16 ಗಂಟೆಗೆ 144 ಕೆ.ಜಿ. ಇಂಧನ, ಅಂದ್ರೆ 450 ಕೆ.ಜಿ. ಕಾರ್ಬನ್ ಡೈಆಕ್ಸೈಡ್, ಒಂದೇ ಹಾರಾಟಕ್ಕೆ. ಕೆಲವು ಕಂಪನಿಗಳು ಪರದೆ ತೆಗೆದು, ನಿಮ್ಮ ಮೊಬೈಲ್‌ನಲ್ಲೇ ನೋಡಿ ಅನ್ನೋದಕ್ಕೆ ಇದೂ ಒಂದು ಕಾರಣ.

ತೂಕಕ್ಕಿಂತ ದೊಡ್ಡ ಪಾಠ 1998ರ ಸೆಪ್ಟೆಂಬರ್ 2ರದು. ನ್ಯೂಯಾರ್ಕ್‌ನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111 ವಿಮಾನದ ಕಾಕ್‌ಪಿಟ್ ಮೇಲ್ಛಾವಣಿಯಲ್ಲಿ ಬೆಂಕಿ ಹತ್ತಿ, ಕೆನಡಾ ಕರಾವಳಿಯ ಸಮುದ್ರಕ್ಕೆ ಬಿತ್ತು. 229 ಜನ ಸತ್ತರು. ಬೆಂಕಿ ಹುಟ್ಟಿದ ಜಾಗದಲ್ಲಿ ಆಮೇಲೆ ಅಳವಡಿಸಿದ್ದ ಮನರಂಜನಾ ವ್ಯವಸ್ಥೆಯ ತಂತಿ ಆರ್ಕ್ ಆಗಿದ್ದ ಗುರುತು ಸಿಕ್ಕಿತು. ಅದೊಂದೇ ತಂತಿ ಕಾರಣ ಅಂತ ತನಿಖಾ ಮಂಡಳಿ ಹೇಳಲಿಲ್ಲ, ಸುತ್ತಲಿನ ಇನ್ಸುಲೇಷನ್ ಹೊದಿಕೆಯೇ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು ಅಂತಲೂ ಹೇಳಿತು. ಇನ್ನೊಂದು ದೋಷವೂ ಹೊರಬಿತ್ತು: ಹೊಗೆ ಬಂದಾಗ ಪೈಲಟ್‌ಗಳು ಕ್ಯಾಬಿನ್ ವಿದ್ಯುತ್ತಿನ ಸ್ವಿಚ್ ಆಫ್ ಮಾಡಿದರೂ ಈ ವ್ಯವಸ್ಥೆಗೆ ವಿದ್ಯುತ್ ನಿಲ್ಲದ ಹಾಗೆ ಅದನ್ನ ಜೋಡಿಸಲಾಗಿತ್ತು. ಸಿನಿಮಾ ತೋರಿಸೋ ಪೆಟ್ಟಿಗೆ ಆದರೇನು, ವಿಮಾನದೊಳಗೆ ಬಂದ ಮೇಲೆ ಅದೂ ವಿಮಾನದ ಭಾಗವೇ. ಪ್ರಾಜೆಕ್ಟ್‌ನಲ್ಲಿ ಕೊನೇ ಗಳಿಗೆಗೆ ಒಂದು ವೈರ್ ಎಳೆದು ಸಿಕ್ಕಲ್ಲಿ ಸಿಕ್ಕಿಸೋ ನಮಗೆ ಇದು ನೆನಪಿರಲಿ.

ಪರದೆಯಲ್ಲಿ ಕನ್ನಡ

ಮುಂದಿನ ಪರದೆ ಇಂಗ್ಲಿಷ್ ಗೊತ್ತಿರೋರಿಗೆ ಸಿನಿಮಾ. ಗೊತ್ತಿಲ್ಲದ ಅವ್ವನಿಗೆ ಅದು 17 ಗಂಟೆ ಕಪ್ಪು ಗಾಜು. ನಾಲ್ಕು ಕನ್ನಡ ಸಿನಿಮಾ ಹಾಕಿದರೆ ಸಾಲದು. ಅಲ್ಲಿಗೆ ತಲುಪೋ ಮೆನು, ನೀರು ಕೇಳೋ ಗುಂಡಿ, ಮುಖ್ಯವಾಗಿ ಸುರಕ್ಷತಾ ಸೂಚನೆ ಕನ್ನಡದಲ್ಲಿ ಇರಬೇಕು.

ಇದು ಬರೀ ಅಭಿಮಾನದ ಬೇಡಿಕೆ ಅಲ್ಲ, ಅದಕ್ಕೆ ತಾಂತ್ರಿಕ ಮುಖವೂ ಇದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಜಾಗ ಇದೆ, ಆದರೆ ಒತ್ತಕ್ಷರಗಳಿಗೆ ಬೇರೆ ಸ್ಥಾನ ಇಲ್ಲ. ‘ಕ್ಷ’ ಮೂಡಬೇಕಾದರೆ ಮೂರು ಸಂಕೇತಗಳನ್ನ ಒಂದೇ ಆಕಾರಕ್ಕೆ ಕೂಡಿಸಬೇಕು, ‘ರ್ಕ’ದ ಅರ್ಕಾವತ್ತನ್ನ ಹಿಂದಿನಿಂದ ಮುಂದಕ್ಕೆ ಒಯ್ಯಬೇಕು. ಆ ಕೆಲಸ ಶೇಪಿಂಗ್ ಎಂಜಿನ್‌ನದು. ಅದಿಲ್ಲದ ಹಳೆಯ ಎಂಬೆಡೆಡ್ ಪರದೆಯಲ್ಲಿ ಫಾಂಟ್ ಇದ್ದರೂ ಅಕ್ಷರ ಒಡೆದು ಬೀಳುತ್ತೆ. ವಿಮಾನದ ಉಪಕರಣ ವರ್ಷಾನುಗಟ್ಟಲೆ ಬದಲಾಗೋದಿಲ್ಲ. ಹಾಗಾಗಿ ಭಾಷೆಯ ಮಾತು ವಿನ್ಯಾಸದ ಹಂತದಲ್ಲೇ ಬರಬೇಕು. ಬೋಯಿಂಗ್, ಏರ್‌ಬಸ್, ಥೇಲ್ಸ್, ಕಾಲಿನ್ಸ್ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಲ್ಲೇ ಇವೆ. ನಮ್ಮಲ್ಲಿ ಕೆಲವರು ನಾಳೆ ಅಲ್ಲೇ ಕೂರ್ತೀವಿ. ಡಿಸೈನ್ ರಿವ್ಯೂದಲ್ಲಿ ಈ ಪ್ರಶ್ನೆ ಎತ್ತೋರು ನಾವಲ್ಲದೆ ಇನ್ಯಾರು?

ಮನೆಯವರಿಗೆ ಹೇಳಬೇಕಾದ್ದು

- ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ, ಕೂತಾಗ ಪಾದ ಮೇಲೆ ಕೆಳಗೆ ಆಡಿಸಲಿ. ನಡುವಿನ ಸೀಟಿಗಿಂತ ದಾರಿ ಪಕ್ಕದ ಸೀಟು ಮೇಲು.
- ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡೀಲಿ. ಎದ್ದು ಹೋಗಬೇಕಾಗುತ್ತೆ ಅಂತ ನೀರು ಬಿಡೋದು ಬ್ಯಾಡ.
- ಬಿಪಿ, ಶುಗರ್ ಗುಳಿಗೆಗಳು ಕೈಚೀಲದಲ್ಲೇ ಇರಲಿ. ಹೃದಯದ ತೊಂದರೆ, ಇತ್ತೀಚಿನ ಆಪರೇಷನ್ ಇದ್ದರೆ ಮೊದಲೇ ಡಾಕ್ಟರನ್ನ ಕೇಳಿ. ಬಿಗಿ ಸಾಕ್ಸ್ ಬೇಕೋ ಬೇಡವೋ ಅಂತ ಹೇಳೋರೂ ಅವರೇ.
- ಇಳಿಯುವಾಗ ಕಿವಿ ಕಟ್ಟಿದರೆ ಪೆಪ್ಪರ್‌ಮೆಂಟ್ ಚೀಪಲಿ, ಉಗುಳು ನುಂಗಲಿ.
- ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆ ಸರಿಯುತ್ತೆ. ಹಗಲು ಬಿಸಿಲಲ್ಲಿ ಓಡಾಡಲಿ, ನಿದ್ದಿ ಬರ್ಲಿಲ್ಲ ಅಂತ ಮೊದಲ ವಾರ ಗಾಬರಿ ಆಗೋದು ಬ್ಯಾಡ.
- ನಾಲ್ಕು ಸಿನಿಮಾ, ಒಂದಿಷ್ಟು ವಚನ, ಬಯಲಾಟದ ವಿಡಿಯೊ ಅವರ ಮೊಬೈಲ್‌ಗೆ ಮೊದಲೇ ಇಳಿಸಿಕೊಡಿ. ಪರದೆಗೆ ಕನ್ನಡ ಬರೋತನಕ ಆ ಕೆಲಸ ನಮ್ಮದು.