ಕೊಕ್ಕೆ ಮತ್ತು ಕತ್ತರಿ

ಬೆಳಿಗ್ಗೆ ಇಡ್ಲಿ ತಿಂದು ಕುಣಿದುಕೊಂಡು ಶಾಲೆಗೆ ಹೋದ ಪಕ್ಕದ ಮನೆಯ ಹುಡುಗ ಮಧ್ಯಾಹ್ನ ಅಪ್ಪನ ಹೆಗಲ ಮೇಲೆ ವಾಪಸು ಬಂದ. ಶೂ ಬಿಚ್ಚುವಷ್ಟೂ ತ್ರಾಣವಿಲ್ಲ. ಥರ್ಮಾಮೀಟರ್ 103 ತೋರಿಸುತ್ತಿತ್ತು. ‘ಐಸ್‌ಕ್ರೀಮ್ ತಿಂದಿರ್ತಾನೆ, ನೆಗಡಿ’ ಎಂದರು ಅಜ್ಜಿ. ನೆಗಡಿ ಹೀಗೆ ಬರುವುದಿಲ್ಲ. ಅದು ಮೂಗು ಕೆರೆಸಿ, ನಾಲ್ಕು ಸಲ ಸೀನಿಸಿ, ಹೇಳಿಕೇಳಿ ಬರುತ್ತದೆ. ಗಂಟೆಗಳ ಲೆಕ್ಕದಲ್ಲಿ ಆಳನ್ನು ಮಲಗಿಸುವುದು ಫ್ಲೂ. ಮಕ್ಕಳಲ್ಲಿ ಕೆಲವೊಮ್ಮೆ ವಾಂತಿ, ಹೊಟ್ಟೆನೋವೂ ಸೇರಿಕೊಂಡು ಗೊಂದಲ ಹೆಚ್ಚಿಸುತ್ತವೆ.

ಇಷ್ಟು ರಂಪ ಮಾಡುವ ಯಂತ್ರ ಎಷ್ಟು ದೊಡ್ಡದು? ಹತ್ತು ಸಾವಿರವನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್. ಒಳಗೆ ಎಂಟು ತುಂಡು ಆರ್‌ಎನ್‌ಎ, ಹೊರಗೆ ಕೊಬ್ಬಿನ ತೆಳುವಾದ ಅಂಗಿ. ಆ ಅಂಗಿಯೂ ಸ್ವಂತದ್ದಲ್ಲ, ನಮ್ಮ ಜೀವಕೋಶದಿಂದ ಹೊರಡುವಾಗ ಸುತ್ತಿಕೊಂಡು ಬಂದದ್ದು. ಜಿಡ್ಡಿನ ಪಾತ್ರೆಯಂತೆ ಅದೂ ಸೋಪಿಗೆ ಕರಗುತ್ತದೆ. ಕೈ ತೊಳೆಯಿರಿ ಎನ್ನುವುದು ಬರೀ ಶಿಸ್ತಿನ ಮಾತಲ್ಲ.

ಅಂಗಿಯ ಮೇಲೆ ಎರಡು ಬಗೆಯ ಮುಳ್ಳುಗಳಿವೆ. ಎಚ್1ಎನ್1 ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಆ ಎಚ್ ಮತ್ತು ಎನ್ ಇವೇ. ಎಚ್ ಒಂದು ಕೊಕ್ಕೆ. ಮೂಗು, ಗಂಟಲಿನ ಜೀವಕೋಶಗಳ ಮೇಲಿರುವ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯಂಥ ವಸ್ತುವಿಗೆ ಅದು ತಗುಲಿಕೊಳ್ಳುತ್ತದೆ. ಏಮಾರಿದ ಜೀವಕೋಶ ವೈರಸ್ಸನ್ನು ತಾನೇ ಒಳಗೆಳೆದುಕೊಂಡು, ಅದರ ನಕಲುಗಳನ್ನು ತಯಾರಿಸತೊಡಗುತ್ತದೆ. ತಮಾಷೆ ಇರುವುದು ಹೊರಡುವಾಗ. ಹೊಸ ವೈರಸ್ಸಿನ ಮೈಮೇಲೂ ಅದೇ ಕೊಕ್ಕೆ, ಹೊರಗೆ ಅದೇ ಸಕ್ಕರೆ: ಬೆಲ್ಲಕ್ಕೆ ಕೂತ ನೊಣದ ಹಾಗೆ ಅಲ್ಲೇ ಅಂಟಿಕೊಳ್ಳಬೇಕು. ಆಗ ಎನ್ ಕೆಲಸಕ್ಕೆ ಬರುತ್ತದೆ. ಅದು ಕತ್ತರಿ. ಸಕ್ಕರೆಯನ್ನು ಕತ್ತರಿಸಿ ದಾರಿ ಬಿಡಿಸುತ್ತದೆ.

ಒಸೆಲ್ಟಮಿವಿರ್ ಎಂಬ ಔಷಧ ಈ ಕತ್ತರಿಯ ಬಾಯಿಗೆ ಸಿಕ್ಕಿಕೊಳ್ಳುವ ಕಡ್ಡಿ. ವೈರಸ್ಸನ್ನು ಅದು ಕೊಲ್ಲುವುದಿಲ್ಲ, ಹೊರಡಲು ಬಿಡುವುದಿಲ್ಲ, ಅಷ್ಟೇ. ಆದ್ದರಿಂದಲೇ ಜ್ವರ ಶುರುವಾಗಿ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಆಮೇಲೆ ಬಹುಪಾಲು ವೈರಸ್ಸು ಊರೆಲ್ಲ ಹರಡಿಕೊಂಡಿರುತ್ತದೆ. ಎಲ್ಲ ಮಕ್ಕಳಿಗೂ ಇದು ಬೇಕಿಲ್ಲ. ಎರಡು ವರ್ಷದೊಳಗಿನವರು, ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರನ್ನು ಮಾತ್ರ ‘ಎರಡು ದಿನ ನೋಡೋಣ’ ಎಂದು ಮನೆಯಲ್ಲಿ ಇಟ್ಟುಕೊಳ್ಳಬಾರದು. ಅಂದಹಾಗೆ, ಈ ಔಷಧದ ಮೂಲವಸ್ತುವನ್ನು ಬಿರಿಯಾನಿಗೆ ಹಾಕುವ ಚಕ್ರಮೊಗ್ಗಿನಿಂದ ತೆಗೆಯುತ್ತಿದ್ದರು. ಬಿರಿಯಾನಿ ತಿಂದರೆ ಫ್ಲೂ ಹೋಗುತ್ತದೆಂದು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ.

ಉಳಿದವರಿಗೆ ಗಂಜಿ, ಸಾರು, ನಿದ್ದೆ, ಪ್ಯಾರಸಿಟಮಾಲ್. ಎಡವಟ್ಟಾಗುವುದು ಈ ಕೊನೆಯದರಲ್ಲಿ. 5 ಮಿಲಿಗೆ 120 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ‘ಒಂದು ಮುಚ್ಚಳ’ ಎನ್ನುವ ಲೆಕ್ಕ ಇಲ್ಲಿ ಕೈಕೊಡುತ್ತದೆ. ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ದೊಡ್ಡವರ ಆಸ್ಪಿರಿನ್ ಬೇಡವೇ ಬೇಡ: ಮಿದುಳು, ಯಕೃತ್ತುಗಳನ್ನು ಕೆಡಿಸುವ ರೇ ಸಿಂಡ್ರೋಮ್‌ಗೂ ಅದಕ್ಕೂ ನಂಟಿದೆ. ಆಂಟಿಬಯೋಟಿಕ್‌ಗೆ ಈ ಕೊಕ್ಕೆಯೂ ಗೊತ್ತಿಲ್ಲ, ಕತ್ತರಿಯೂ ಗೊತ್ತಿಲ್ಲ. ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ, ತುಟಿ ನೀಲಿಗಟ್ಟಿದರೆ, ಎಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ಇಳಿದ ಜ್ವರ ಮತ್ತೆ ಏರಿದರೆ ತಡಮಾಡದೆ ಆಸ್ಪತ್ರೆಗೆ.

ಲಸಿಕೆ ನಮ್ಮ ದೇಹಕ್ಕೆ ಮುಖ್ಯವಾಗಿ ಕೊಕ್ಕೆಯ ಗುರುತು ಹಿಡಿಯಲು ಕಲಿಸುತ್ತದೆ. ಆದರೆ ವೈರಸ್ಸು ನಕಲು ತೆಗೆಯುವಾಗ ತಪ್ಪು ಮಾಡುತ್ತಲೇ ಇರುತ್ತದೆ, ಕೊಕ್ಕೆಯ ಆಕಾರ ಬದಲಾಗುತ್ತಲೇ ಇರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ ಕೂತು ಲಸಿಕೆಯ ಪಟ್ಟಿ ಪರಿಷ್ಕರಿಸುವುದು. ಅದಕ್ಕೇ ಪ್ರತಿವರ್ಷ ಸೂಜಿ. ಆರು ತಿಂಗಳು ತುಂಬಿದ ಮೇಲೆ ಕೊಡಿಸಬಹುದು. ಚಿಕ್ಕ ಮಕ್ಕಳಿಗೆ ಮೊದಲ ಸಲ ನಾಲ್ಕು ವಾರದ ಅಂತರದಲ್ಲಿ ಎರಡು. ಅದಕ್ಕೂ ಎಳೆಯ ಕೂಸಿಗೆ ಇರುವ ದಾರಿ, ಬಸುರಿನಲ್ಲಿ ತಾಯಿ ಹಾಕಿಸಿಕೊಳ್ಳುವುದು. ಐದು ವರ್ಷದವರೆಗೆ ವರ್ಷಕ್ಕೊಮ್ಮೆ ಹಾಕಿಸಿ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಲಸಿಕೆ ಹಾಕಿದರೂ ಜ್ವರ ಬಂದೀತು, ಆಸ್ಪತ್ರೆ ಸೇರುವ ಸಂಭವ ಕಡಿಮೆ.

ಇನ್ನು ಶಾಲೆ. ಜ್ವರ ಕಾಣಿಸಿಕೊಳ್ಳುವ ಹಿಂದಿನ ದಿನವೇ ಮಗು ವೈರಸ್ಸು ಹಂಚತೊಡಗಿರುತ್ತದೆ; ಅದಕ್ಕೆ ಯಾರೂ ಏನೂ ಮಾಡಲಾಗದು. ಮಾತ್ರೆಯಿಲ್ಲದೆ ಜ್ವರ ಬಿಟ್ಟು 24 ಗಂಟೆ ಆಗುವವರೆಗೆ ಮನೆಯಲ್ಲಿ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ‘ಟೆಸ್ಟ್ ಇದೆ’ ಎಂದು ಸಿರಪ್ ಕುಡಿಸಿ ಬಸ್ಸು ಹತ್ತಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮನೆಯಲ್ಲಿ ಉಳಿದರೆ ಏನಾಗುತ್ತದೆ ಎಂಬುದನ್ನು ಇಡೀ ಜಗತ್ತು ತನಗೇ ಗೊತ್ತಿಲ್ಲದೆ ಒಮ್ಮೆ ಪರೀಕ್ಷಿಸಿ ನೋಡಿದೆ. ಫ್ಲೂ ಬಿ ಗುಂಪಿನಲ್ಲಿ ಯಮಗಾಟ ಎಂಬ ವಂಶವಿತ್ತು. ಎ ಗುಂಪಿನಂತೆ ಹಕ್ಕಿಗಳಲ್ಲಿ ಅಡಗಿ ಕೂರುವ ಅನುಕೂಲ ಅದಕ್ಕಿರಲಿಲ್ಲ, ಮನುಷ್ಯರ ಮೂಗೇ ಗತಿ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು, ಮುಖಗಳು ಮಾಸ್ಕ್ ತೊಟ್ಟವು. ಆ ತಿಂಗಳ ನಂತರ ಯಮಗಾಟ ಎಲ್ಲಿಯೂ ಖಚಿತವಾಗಿ ಪತ್ತೆಯಾಗಿಲ್ಲ. ಲಸಿಕೆಯಲ್ಲಿ ಅದರ ಅಂಶ ಇನ್ನು ಬೇಕಿಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.