ಯಾವ ನೆಲಕ್ಕೆ ಯಾವ ಮೋಜಣಿ?

ಮನೆ ಕೊಳ್ಳುವ ಮುಂಚೆ ಸರ್ವೆ ಮಾಡಿಸ್ರಿ ಎಂದು ಎಲ್ಲರೂ ಹೇಳುತ್ತಾರೆ. ಯಾವ ಸರ್ವೆ ಎಂದು ಬಿಡಿಸಿ ಹೇಳುವವರು ಕಡಿಮೆ. ಸೋಲಾಪುರದಿಂದ ವಿಜಯಪುರಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 52ರ ಮೇಲಿರುವ ಝಳಕಿಯಂಥ ಊರಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಮನೆ ಊರೊಳಗಿನ ಗಾವಠಾಣದಲ್ಲಿದೆಯೋ, ಎನ್‌.ಎ. ಆದ ಪ್ಲಾಟಿನಲ್ಲಿದೆಯೋ, ಹೊಲದ ಮೂಲೆಯಲ್ಲಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಮೋಜಣಿಯ ಬಗೆ ಅದರ ಮೇಲೆ ನಿಂತಿದೆ.

ಹೆಚ್ಚು ತಕರಾರು ಹುಟ್ಟುವುದು ಹೊಲದ ನೆಲದಲ್ಲಿ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಇಲ್ಲಿನ ಹೊಲಗಳನ್ನು 33 ಅಡಿಯ ಸರಪಳಿಯಿಂದ ಅಳೆದರು. ಆ ಸರಪಳಿಗೆ 16 ಆಣೆ. ಉದ್ದಕ್ಕೊಂದು, ಅಡ್ಡಕ್ಕೊಂದು ಸರಪಳಿಯಾದರೆ ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಎಕರೆ. ‘ಒಂದು ಗುಂಟೆ ಅಂದ್ರ ಮೂವತ್ತು ನಲವತ್ತರ ಪ್ಲಾಟು’ ಎಂದು ದಲ್ಲಾಳಿ ಹೇಳಿದರೆ ಅಲ್ಲೇ ಲೆಕ್ಕ ಹಾಕಿರಿ: 1,200 ಚದರಡಿಗೆ 111 ಕಡಿಮೆ ಬಿತ್ತು. ಒಂದು ಬಚ್ಚಲು, ಒಂದು ಪಾಯಖಾನೆ ಹಿಡಿಸುವಷ್ಟು ಜಾಗ ಅದು.

ಸರ್ವೆ ನಂಬರಿನ ಒಂದು ತುಂಡನ್ನು ಮಾತ್ರ ಕೊಳ್ಳುವುದಾದರೆ ಬೇಕಾದದ್ದು 11ಇ ನಕ್ಷೆ. ಮಾರುವ ಭಾಗ ಯಾವುದು, ಉಳಿಯುವ ಭಾಗ ಯಾವುದು ಎಂದು ಖರೇದಿಗೆ ಮೊದಲೇ ಗೆರೆ ಎಳೆದು ತೋರಿಸುವ ನಕ್ಷೆ ಇದು. ಆದರೆ 11ಇ ಸಿಕ್ಕಿತೆಂದರೆ ಮನೆ ಕಟ್ಟಲು ಪರವಾನಗಿ ಸಿಕ್ಕಂತಲ್ಲ; 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಎನ್‌.ಎ. ಆಗುವುದು ಬೇರೆಯ ಮಾತು. ಇನ್ನು, ಇಡೀ ನಂಬರು ಕೊಳ್ಳುತ್ತಿದ್ದು ಬಾಂದು ಎಲ್ಲಿದೆ ಎಂಬ ಗುಮಾನಿಯಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಡಬೇಕು. ಭೂಮಾಪಕರು ಆಜುಬಾಜಿನವರಿಗೆ ನೋಟಿಸು ಕೊಟ್ಟು ಬರುತ್ತಾರೆ, ಹಳೆಯ ಟಿಪ್ಪಣಿಯನ್ನು ನೆಲದ ಮೇಲೆ ಹಾಸಿ ನೋಡುತ್ತಾರೆ, ಹೂತುಹೋದ ಬಾಂದಗಲ್ಲು ಹುಡುಕುತ್ತಾರೆ. ಆ ದಿನ ಕೊಳ್ಳುವವನು ಅಲ್ಲಿ ನಿಂತಿರಲೇಬೇಕು. ನಕ್ಷೆಗಿಂತಲೂ, ಪಂಚನಾಮೆಗೆ ಸಹಿ ಹಾಕಲು ಒಲ್ಲೆನೆಂದ ಬಾಜೂದ ಹೊಲದವನ ಮುಖ ಹೆಚ್ಚು ಹೇಳುತ್ತದೆ.

ಉತಾರದಲ್ಲಿ ಖರಾಬಿನ ಕಲಮನ್ನೂ ಓದಿ. ಹಳ್ಳ, ದಾರಿಗಳಿಗೆ ಬಿಟ್ಟ ‘ಬ’ ಖರಾಬು ಸಾರ್ವಜನಿಕರದು, ಮಾರುವವನದಲ್ಲ. ಹೆದ್ದಾರಿ ನಾಲ್ಕು ಪಥವಾದಾಗ ನೆಲ ಹೋದ ನಂಬರುಗಳಲ್ಲಿ ಆ ಗುಂಟೆಗಳು ಉತಾರದಿಂದ ಕಳೆದಿವೆಯೇ, ಪೋಡಿ ಆಗಿದೆಯೇ ಎಂದೂ ನೋಡಬೇಕು. ಕಾಗದದಲ್ಲಿ ಎರಡು ಎಕರೆ ಇದ್ದು, ಅದರಲ್ಲಿ ನಾಲ್ಕು ಗುಂಟೆಯ ಮೇಲೆ ಲಾರಿ ಓಡುತ್ತಿರಬಹುದು.

ಗಾವಠಾಣದ ಹಳೆ ಮನೆಗೆ ಉತಾರವೂ ಇಲ್ಲ, 11ಇಯೂ ಇಲ್ಲ. ಅಲ್ಲಿ ಕೇಳಬೇಕಾದದ್ದು ಪಂಚಾಯತಿಯ ಇ-ಸ್ವತ್ತು: ನಮೂನೆ 9 ಮತ್ತು 11ಎ. 11ಬಿ ತೋರಿಸಿದರೆ ಯಾಕೆಂದು ಕೇಳಿ. ಅದೂ ಇದೂ ಒಂದೇ ಅಲ್ಲ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಮನೆಗಳ ಹದ್ದಿಗೆ ಸುಣ್ಣದ ಗೆರೆ ಹಾಕಿ, ಮೇಲಿಂದ ಡ್ರೋನ್ ಹಾರಿಸಿ ಚಿತ್ರ ತೆಗೆಯುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಅಣ್ಣತಮ್ಮಂದಿರ ನಡುವಿನ ಗೋಡೆ ಯಾರ ಪಾಲಿನದೆಂದು ಡ್ರೋನಿಗೆ ಕಾಣುವುದಿಲ್ಲ.

ಈ ಯಾವ ಮೋಜಣಿಯೂ ಗೋಡೆಯ ಕಡೆ ತಿರುಗಿ ನೋಡುವುದಿಲ್ಲ. ಬ್ರಿಟನ್ನಿನಲ್ಲಿ ಸರ್ವೆ ಎಂದರೆ ಮುಖ್ಯವಾಗಿ ಕಟ್ಟಡದ ತಪಾಸಣೆ. ಮನೆಯ ವಯಸ್ಸು, ಸ್ಥಿತಿ ನೋಡಿ ಮೂರು ಹಂತಗಳಲ್ಲಿ ಒಂದನ್ನು ಆರಿಸುತ್ತಾರೆ. ನಮ್ಮಲ್ಲಿ ಆ ರೂಢಿ ಇಲ್ಲ, ಇರಬೇಕಾದದ್ದು ಮಾತ್ರ ಇಲ್ಲಿಯೇ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬ್ಯಾಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಪಾಯಾ ಗರಸಿನವರೆಗೆ ಇಳಿಯದಿದ್ದರೆ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಕಿಡಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು, ಬಚ್ಚಲ ನೀರು ನಿಲ್ಲುವ ಗೋಡೆಯ ಬುಡ: ಇವನ್ನು ನೋಡಲು ಗೌಂಡಿಯನ್ನೋ ಸಿವಿಲ್ ಎಂಜಿನಿಯರನ್ನೋ ಕರೆದೊಯ್ಯಿರಿ. ಮಾರುವವನು ಒಪ್ಪಿದರೆ ಗೋಡೆಯ ಬದಿಗೆ ಒಂದು ತಗ್ಗು ತೋಡಿಸಿ ಪಾಯಾ ಎಷ್ಟು ಆಳವಿದೆ ನೋಡಿ. ಹೊಸದಾಗಿ ಬಣ್ಣ ಬಳಿದ ಮನೆಯಾದರೆ ಒಪ್ಪಿಸಲೇಬೇಕು.

ಕಲ್ಲು–ಮಣ್ಣಿನ ಹಳೆ ಮನೆಗೆ ಇನ್ನೂ ಒಂದು ಪರೀಕ್ಷೆ ಉಂಟು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾದಾಗ ಸಾವಿರಾರು ಜನ ಸತ್ತದ್ದು ಇಂಥ ದಪ್ಪ ಗೋಡೆ, ಭಾರದ ಮಣ್ಣಿನ ಮಾಳಿಗೆಗಳ ಅಡಿಯಲ್ಲಿ. ಒಳಮೈ, ಹೊರಮೈ ಎರಡನ್ನೂ ಹಿಡಿದಿಡುವ ಉದ್ದಗಲ್ಲು ಇಲ್ಲದೆ ಗೋಡೆ ಸೀಳಿತು. ಗೋಡೆ ಹೊಟ್ಟೆ ಬಿಟ್ಟಿದೆಯೇ ಎಂದು ತೂಕದ ಗುಂಡು ಇಳಿಬಿಟ್ಟರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಇದೆಲ್ಲ ಮುಗಿಯುವವರೆಗೆ ದೊಡ್ಡ ಮೊತ್ತ ಕೈಬಿಡಬೇಡಿ. ಸಂಚಕಾರ ಪತ್ರದಲ್ಲೇ ಎರಡು ಸಾಲು ಬರೆಸಿ: ಮೋಜಣಿಯ ಖರ್ಚು ಯಾರದು, ಅಳತೆ ಕಡಿಮೆ ಬಂದರೆ ಗುಂಟೆಗೆ ಎಷ್ಟರಂತೆ ಬೆಲೆ ಇಳಿಯುತ್ತದೆ.