ಸಭೆಯ ತೀರ್ಪು, ನ್ಯಾಯಾಲಯದ ತೀರ್ಪು

ವಿವಾಹಬಂಧವನ್ನು ಕಡಿಯಲಾಗದೆಂಬ ಯೇಸುವಿನ ಬೋಧನೆಗೆ ಮಾರ್ಕನ ಸುವಾರ್ತೆಯಲ್ಲಿ ವಿನಾಯಿತಿಯಿಲ್ಲ. ಮತ್ತಾಯನಲ್ಲಿ ಒಂದು ವಿನಾಯಿತಿಯಿದೆ. ಅದರ ಅರ್ಥದ ಬಗ್ಗೆ ಕ್ರೈಸ್ತ ಸಭೆಗಳಲ್ಲಿ ಭಿನ್ನಾಭಿಪ್ರಾಯವುಂಟು. ಕ್ಯಾಥೊಲಿಕ್ ಸಭೆಯು ವಿಚ್ಛೇದನವನ್ನು ಒಪ್ಪದು. ವಿಚಾರಣೆ ನಡೆಸಿ, ಆ ಮದುವೆ ಮೊದಲಿನಿಂದಲೇ ಸಿಂಧುವಾಗಿರಲಿಲ್ಲವೆಂದು ಘೋಷಿಸಬಲ್ಲದು.

ಈ ಘೋಷಣೆಗೆ ಕಾನೂನಿನ ಮಾನ್ಯತೆ ಬೇಕೆಂದು ಕರ್ನಾಟಕದ ಕ್ಯಾಥೊಲಿಕ್ ಮುಖಂಡ ಕ್ಲಾರೆನ್ಸ್ ಪಾಯ್ಸ್ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2017ರ ಜನವರಿಯಲ್ಲಿ ಅರ್ಜಿ ವಜಾಗೊಂಡಿತು. ವಿವಾಹವನ್ನು ಅನೂರ್ಜಿತಗೊಳಿಸುವ, ವಿಚ್ಛೇದನ ನೀಡುವ ಅಧಿಕಾರವು 1869ರ ವಿಚ್ಛೇದನ ಕಾಯ್ದೆಯಂತೆ ನ್ಯಾಯಾಲಯಕ್ಕೇ ಉಳಿಯಿತು. 2001ರ ತಿದ್ದುಪಡಿಯಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಅವಕಾಶವಿದೆ.

ಎಡಪ್ಪಾಡಿಯ ಕ್ಯಾಥೊಲಿಕ್ ಕುಟುಂಬಗಳಿಗೂ ಇದೇ ನಿಯಮ ಅನ್ವಯ. ಸಭೆಯ ಪತ್ರವೊಂದನ್ನೇ ನಂಬಿ ಮರುಮದುವೆಯಾದರೆ, ಮೊದಲ ಸಂಗಾತಿ ಬದುಕಿರುವಾಗ ಅದು ಅಪರಾಧವಾದೀತು. ನ್ಯಾಯಾಲಯದ ಆದೇಶ ಮಾತ್ರವಿದ್ದರೆ ಚರ್ಚಿನಲ್ಲಿ ಮದುವೆ ನಡೆಯದು. ಆದುದರಿಂದ ಮಗಳ ಮರುವಿವಾಹವನ್ನು ನಿಶ್ಚಯಿಸುವ ಹಿರಿಯರು ಎರಡು ತೀರ್ಪುಗಳನ್ನೂ ಮೊದಲು ಪಡೆಯತಕ್ಕದ್ದು.